ಇನ್ನೊಂದು, ಸೇಫ್ಟಿಗೆ

ಗಾಜಿನ ಆಚೆಯಿಂದ ಅವರು ನನಗೆ ಹೇಳಿದ ಮೊದಲ ಮಾತು, "ಓಕೆ?"

ನಾನು ಆಗಷ್ಟೇ ಬೂತಿನೊಳಗೆ ಹೋಗಿ, ಸ್ಟೂಲು ಎಳೆದುಕೊಂಡು ಕೂತು, ಹೆಡ್‌ಫೋನನ್ನು ತಲೆಗೇರಿಸಿದ್ದೆ. ಪರಿಚಯವಿಲ್ಲ, ನಮಸ್ಕಾರವಿಲ್ಲ. ಒಂದು ಗಂಡು ದನಿ ನೇರ ಕಿವಿಯೊಳಗೇ ಬಂದು ಓಕೆ ಎಂದು ಕೇಳುತ್ತಿದೆ. ಏನು ಓಕೆ? ಸ್ಟೂಲು ಓಕೆಯಾ, ಸೌಂಡು ಓಕೆಯಾ, ಇಲ್ಲ ನಾನು ಓಕೆಯಾ? ನನಗೆ ಮೊದಲಿಂದಲೂ ಕೋಪ ಮೂಗಿನ ತುದಿಯಲ್ಲೇ.

"ಯಾವುದನ್ನ ಕೇಳ್ತಿದೀರಿ ಅಂತ ಹೇಳಿದ್ರೆ ಉತ್ತರ ಕೊಡಬಹುದು," ಎಂದೆ.

ಮೇಜಿನ ಮೇಲೆ ಬಾಗಿದ್ದ ತಲೆ ಮೇಲೆದ್ದಿತು. ಕಿವಿಯ ಪಕ್ಕ ಸ್ವಲ್ಪ ನರೆ, ನಿದ್ದೆ ಸಾಲದ ಕಣ್ಣು. ಆ ಕಣ್ಣು ಒಂದು ಕ್ಷಣ ನನ್ನ ಮೇಲೆ ನಿಂತು ಮತ್ತೆ ಗುಂಡಿಗಳ ಮೇಲೆ ಇಳಿಯಿತು. "ಓಕೆ," ಎಂದರು, ಈ ಸಲ ಪ್ರಶ್ನೆಯಿಲ್ಲದೆ. ಜಂಬದ ಮನುಷ್ಯ ಎಂದು ನಾನು ಆಗಲೇ ತೀರ್ಮಾನ ಮಾಡಿಬಿಟ್ಟೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ವರದಿ ಒಪ್ಪಿಸಿದೆ. ಅಕ್ಕ ಬೇರೆ ಊರಿನಲ್ಲಿರುವವಳು, ನನ್ನ ಬಾಳಿನ ಸಕಲ ವಿಷಯಕ್ಕೂ ಅಲ್ಲಿಂದಲೇ ಅಧ್ಯಕ್ಷತೆ ವಹಿಸುವವಳು. ಅವನ ಹೆಸರೇನು ಎಂದು ಕೇಳಿದಳು. ಹೆಸರು ಹೇಳುವಷ್ಟು ಬಾಯಿ ಎಲ್ಲಿದೆ ಅವರಿಗೆ, ಇಡೀ ದಿನ ಓಕೆ ಬಿಟ್ಟರೆ ಬೇರೆ ಮಾತಾಡಲಿಲ್ಲ ಎಂದೆ. "ಹಾಗಾದ್ರೆ ಓಕೆಪ್ಪ ಅಂತ ಇಟ್ಕೋ," ಎಂದಳು. ಅಂದಿನಿಂದ ನಮ್ಮಿಬ್ಬರ ಮಧ್ಯೆ ಸೌಂಡ್ ಎಂಜಿನಿಯರ್ ಸಾಹೇಬರು ಓಕೆಪ್ಪ ಆದರು.

ನನ್ನ ಕೆಲಸ ದನಿ ಕೊಡುವುದು. ಇಂಗ್ಲಿಷಿನ ಕಾರ್ಟೂನ್ ಸಿನಿಮಾಗಳು ನಮ್ಮ ಭಾಷೆ ಮಾತಾಡಬೇಕಾದರೆ ಯಾರಾದರೂ ಬಾಯಿ ಕೊಡಬೇಕಲ್ಲ. ನಲವತ್ತರ ಹೊಸ್ತಿಲಲ್ಲಿರುವ ನಾನು ಆ ಲೋಕದಲ್ಲಿ ಒಂದು ಕರಡಿಮರಿ. ಗಂಡು ಮರಿ, ತುಂಬಾ ತಂಟೆಕೋರ, ಮೂಗಿನ ಮೇಲೆ ಸದಾ ಜೇನು. ಡಬ್ಬಿಂಗ್ ಡೈರೆಕ್ಟರ್ ಮೇಡಂ ನನ್ನನ್ನು ಮರಿ ಎಂದೇ ಕರೆಯುತ್ತಿದ್ದರು. ನನ್ನ ನಿಜವಾದ ಹೆಸರು ಅವರಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಸ್ಟುಡಿಯೋ ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಎರಡೇ ಕೋಣೆ, ಮಧ್ಯೆ ದಪ್ಪ ಗಾಜು. ಈಚೆ ನಾನು, ಮೈಕು, ಸ್ಟೂಲು, ಒಂದು ಲೋಟ ನೀರು, ಎದುರಿಗೆ ಸಿನಿಮಾ ಓಡುವ ಪರದೆ. ಆಚೆ ಅವರು ಮತ್ತು ಅವರ ಗುಂಡಿಗಳು. ಡೈರೆಕ್ಟರ್ ಮೇಡಂ ಆಗಾಗ ಬಂದು ನೋಡಿ ಹೋಗುವವರು. ಬೂತಿನ ಮೈಕು ಸದಾ ಎಚ್ಚರವಾಗಿಯೇ ಇರುತ್ತದೆ, ನಾನು ಉಸಿರು ಬಿಟ್ಟರೂ ಅವರಿಗೆ ಕೇಳುತ್ತದೆ. ಅವರ ದನಿ ನನಗೆ ಕೇಳಬೇಕಾದರೆ ಮಾತ್ರ ಅವರೊಂದು ಗುಂಡಿ ಒತ್ತಬೇಕು. ಬೆರಳು ಎತ್ತಿದರೆ ಆಚೆ ಲೋಕವೇ ಇಲ್ಲ. ಈ ಏರ್ಪಾಡು ದನಿ ಕೊಡುವ ಎಲ್ಲರಿಗೂ ಗೊತ್ತು, ಎಲ್ಲರೂ ಅದನ್ನು ಮರೆತೇ ಕೂರುತ್ತಾರೆ.

ನಾನಂತೂ ಚೆನ್ನಾಗಿಯೇ ಮರೆತೆ. ಮನೆಯಲ್ಲಿ ಮಾತಿಗೆ ಜನವಿಲ್ಲದವರು ಎಲ್ಲಿ ಬೇಕಾದರೂ ಮಾತಾಡಿಕೊಳ್ಳುತ್ತಾರೆ. ಅಮ್ಮ ಹೋದ ಮೇಲೆ ನನ್ನದು ಮೂರನೇ ಮಹಡಿಯ ಒಂದು ಕೋಣೆ, ಒಂದು ಅಡುಗೆಮೂಲೆ, ಬಟ್ಟೆ ಒಣಹಾಕಲು ಒಂದು ಕಿಟಕಿ. ಬೆಳಿಗ್ಗೆ ಎದ್ದು ಸ್ಟುಡಿಯೋ ತಲುಪುವವರೆಗೆ ಯಾರೊಬ್ಬರೂ ನನ್ನನ್ನು ಉದ್ದೇಶಿಸಿ ಒಂದು ಮಾತಾಡದ ದಿನಗಳೇ ಹೆಚ್ಚು. ಲಿಫ್ಟಿನಲ್ಲಿ ಎದುರಾಗುವವರು ತಮ್ಮ ಫೋನಿಗೆ ನಗುತ್ತಾರೆ. ಬಸ್ಸಿನಲ್ಲಿ ಕಾರ್ಡು ತೋರಿಸಿದರೆ ಪೆಟ್ಟಿಗೆ ಕೀಂ ಎನ್ನುತ್ತದೆ. ಹೀಗಾಗಿ ಪರದೆಯ ಮೇಲಿನ ಮರಿಯ ಹತ್ತಿರ ನಾನು ಕಷ್ಟಸುಖ ಮಾತಾಡುತ್ತಿದ್ದೆ. ಇವತ್ತು ನಿನ್ನ ಬಿಟ್ಟರೆ ಯಾರೂ ನನ್ನ ಮುಖ ನೋಡಿಲ್ಲ ಕಣೋ, ಎಂದು ಹೇಳಿದ್ದೂ ಉಂಟು.

ಮತ್ತು ಓಕೆ. ದಿನಕ್ಕೆ ನನಗಾಗಿಯೇ ಯಾರಾದರೂ ಹೇಳುತ್ತಿದ್ದ ಮಾತೆಂದರೆ ಅದೊಂದೇ. ಅದನ್ನೇ ನಾನು ಜೋಪಾನವಾಗಿ ಕೇಳತೊಡಗಿದೆ. ಕೇಳುತ್ತ ಕೇಳುತ್ತ ಗೊತ್ತಾಯಿತು, ಓಕೆಪ್ಪನ ಓಕೆ ಒಂದಲ್ಲ. ಚಿಕ್ಕದಾಗಿ, ಕತ್ತರಿಸಿದ ಹಾಗೆ ಬಂದರೆ ಟೇಕ್ ಚೆನ್ನಾಗಿದೆ, ಮುಂದಕ್ಕೆ ಹೋಗು. ಓ ಎಂಬುದನ್ನು ಉದ್ದ ಎಳೆದರೆ ಚೆನ್ನಾಗಿಲ್ಲ, ಆದರೆ ಹೇಳಲು ಸಂಕೋಚ. ಓಕೆ ಓಕೆ ಎಂದು ಎರಡು ಸಲ ಬಂದರೆ ಅದು ನನಗಲ್ಲ, ಯಾರೋ ಬಾಗಿಲಲ್ಲಿ ಬಂದು ಅವರನ್ನು ಪೀಡಿಸುತ್ತಿದ್ದಾರೆ. ಕೊನೆಯಲ್ಲಿ ಪ್ರಶ್ನೆ ಸೇರಿದರೆ ನನ್ನ ಲೋಟದ ನೀರು ಖಾಲಿಯಾದದ್ದು ಅವರ ಕಣ್ಣಿಗೆ ಬಿದ್ದಿದೆ. ಮೊದಲ ದಿನದ ಪ್ರಶ್ನೆಯೂ ಅದೇ ಇತ್ತು ಎಂದು ತಡವಾಗಿ ಹೊಳೆಯಿತು. ಅಂದು ಲೋಟ ಇಡುವುದನ್ನೇ ಮರೆತಿದ್ದರು.

ಇನ್ನೊಂದಿತ್ತು. ಯಾವಾಗಲೋ ಒಮ್ಮೆ, ಯಾವ ಟೇಕಿಗೂ ಸಂಬಂಧವಿಲ್ಲದೆ, ಉಸಿರಿನ ಜೊತೆಗೇ ಬರುವ ಒಂದು ಮೆತ್ತನೆ ಓಕೆ. ಅದರ ಅರ್ಥ ಮಾತ್ರ ನನಗೆ ಸಿಗಲಿಲ್ಲ.

ನಾವು ಸರಿಯಾಗಿ ಮಾತಾಡಿದ್ದು ಇದೇ ಪದದ ದೆಸೆಯಿಂದ. ಆ ಕರಡಿಮರಿ ಇಂಗ್ಲಿಷಿನಲ್ಲಿ ಮಾತು ಮಾತಿಗೂ ಓಕೆ ಎನ್ನುತ್ತಿತ್ತು. ಡೈರೆಕ್ಟರ್ ಮೇಡಂ ಕಟ್ಟುನಿಟ್ಟು, ಮಕ್ಕಳು ನೋಡುವ ಸಿನಿಮಾ, ಓಕೆ ಎಂಬ ಶಬ್ದ ಬರಕೂಡದು, ನಮ್ಮ ಮಾತೇ ಬೇಕು. ಸರಿ, ಎಲ್ಲ ಕಡೆಗೂ 'ಸರಿ' ಹಾಕಿ ಕೈತೊಳೆದುಕೊಳ್ಳೋಣ ಎಂದರೆ ತುಟಿ ಕೂರುವುದಿಲ್ಲ. ಓಕೆ ಎನ್ನುವಾಗ ಬಾಯಿ ಮೊದಲು ಗುಂಡಗಾಗುತ್ತದೆ, ಆಮೇಲೆ ಅಗಲವಾಗುತ್ತದೆ. ಸರಿ ಎನ್ನುವಾಗ ಗುಂಡಗಾಗುವುದೇ ಇಲ್ಲ.

"ಹಲ್ಲು ತೋರಿಸೋಕೆ ದಂತವೈದ್ಯರ ಹತ್ರ ಬಂದ ಕರಡಿ ಥರ ಕಾಣ್ತಿದೆ," ಎಂದು ಕಿವಿಯಲ್ಲಿ ದನಿ ಬಂದಿತು.

ಓಕೆಪ್ಪನಿಗೆ ವಾಕ್ಯಗಳೂ ಬರುತ್ತವೆ ಎಂದು ನನಗೆ ತಿಳಿದದ್ದು ಅಂದು. ನಾನು ಗಾಜಿನ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿಕೊಂಡೇ ಇದ್ದರು, ಕಿವಿ ಮಾತ್ರ ಕೆಂಪು.

ಅಲ್ಲಿಂದ ಅದೊಂದು ಆಟವಾಯಿತು. ಮರಿಗೆ ಮೀನು ತಪ್ಪಿಹೋಗಿ ಓಕೆ ಎಂದರೆ ನಾವು 'ಹೋಗ್ಲಿ' ಎಂದು ಕೂರಿಸಿದೆವು. ಬಂಡೆಯಿಂದ ಬಿದ್ದು, ಎದ್ದು, ಮೈ ಕೊಡವಿಕೊಂಡು ಓಕೆ ಎನ್ನುವಲ್ಲಿ 'ನೋವೇ ಇಲ್ಲ' ಎಂದು ನಾನು ಹೇಳಿದೆ, ಉದ್ದವಾಯಿತು ಎಂದು ಅವರು 'ಇಲ್ಲ'ವನ್ನು ಕತ್ತರಿಸಿದರು. 'ನೋವೇ?' ಎಂದು ಮರಿ ತನ್ನನ್ನೇ ಕೇಳಿಕೊಂಡಂತಾಗಿ ಇನ್ನೂ ಚೆಂದವಾಯಿತು. ನನಗೆ ಹಟ ಹತ್ತಿತು. ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಬಾಯಿ ಗುಂಡಗೆ ಮಾಡಿ ಅಗಲ ಮಾಡಿ ಮಾತು ಹುಡುಕುತ್ತಿದ್ದೆ. ಎದುರು ಸೀಟಿನವರು ಜಾಗ ಬದಲಾಯಿಸಿದ್ದೂ ಇದೆ.

ಒಂದು ದಿನ ಅವರು ಕೊಟ್ಟ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಎರಡೂ ಒಂದೇ, ಏನು ವ್ಯತ್ಯಾಸ ಎಂದು ವಾದಕ್ಕಿಳಿದೆ.

"ನಿಮಗೆ ಗೊತ್ತಾಗಲ್ಲ ಮೇಡಂ. ನೀವು ಹೇಳ್ತೀರಿ, ಅಷ್ಟೇ. ದಿನಪೂರ್ತಿ ತುಟಿ ನೋಡ್ತಾ ಕೂರೋನು ನಾನು," ಎಂದರು. ಒಂದು ನಿಮಿಷ ಗುಂಡಿ ಹಾಗೆಯೇ ಒತ್ತಿಕೊಂಡಿತ್ತು, ನನಗೆ ಅವರ ಉಸಿರು ಕೇಳಿಸಿತು. ಆಮೇಲೆ ಗಡಿಬಿಡಿಯಿಂದ, "ಕರಡಿ ತುಟಿ," ಎಂದರು.

"ಗೊತ್ತಾಯ್ತು ಸರ್. ಕರಡೀದೇ," ಎಂದೆ ನಾನು. ಆ ದಿನ ಇಬ್ಬರೂ ಗಾಜಿನ ಕಡೆ ಮತ್ತೆ ನೋಡಲಿಲ್ಲ. ಮನೆಗೆ ಹೋಗುವಾಗ ಒಂದು ಸ್ಟಾಪು ಮುಂದೆ ಇಳಿದು ವಾಪಸ್ಸು ನಡೆದುಬಂದೆ.

ಆ ಸೇಫ್ಟಿ ಶುರುವಾದದ್ದು ಅದಾದ ಮೇಲೆ. ಟೇಕ್ ಚೆನ್ನಾಗಿಯೇ ಬಂದಿದ್ದರೂ, ಏನಾದರೂ ಕೆಟ್ಟರೆ ಕೈಲಿರಲಿ ಎಂದು ಇನ್ನೊಂದು ಸಲ ಹೇಳಿಸಿಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ಸೇಫ್ಟಿ ಎನ್ನುತ್ತಾರೆ. ದೊಡ್ಡ ಅಳು, ಕಿರುಚಾಟ, ಗಂಟಲು ಹರಿದುಹೋಗುವ ಜಾಗಗಳಿಗೆ ತೆಗೆದಿಡುತ್ತಾರೆ. ಓಕೆಪ್ಪ ಪ್ರತಿ ಸಾಲಿಗೂ ಕೇಳತೊಡಗಿದರು. "ಓಕೆ. ಇನ್ನೊಂದು, ಸೇಫ್ಟಿಗೆ." ಮರಿ ಬರೀ ಹೂಂ ಎಂದರೂ ಅದಕ್ಕೊಂದು ಸೇಫ್ಟಿ.

ಮೊದಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಅನುಮಾನ ಒಳಗೆ ಹೊಕ್ಕಿತು. ಮಗುವಿನ ದನಿ ತೆಗೆಯುವವರಿಗೆ ಒಂದು ಭಯ ಇದ್ದೇ ಇರುತ್ತದೆ. ಒಂದು ದಿನ ಗಂಟಲು ತನ್ನ ವಯಸ್ಸು ಹೇಳಿಬಿಡುತ್ತದೆ, ಹೇಳಿದ್ದು ನಮ್ಮ ಕಿವಿಗೆ ಎಲ್ಲರಿಗಿಂತ ಕೊನೆಗೆ ಬೀಳುತ್ತದೆ. ನನ್ನದಕ್ಕೆ ಆ ದಿನ ಬಂದಿತೇನೋ, ಇವರು ಸಂಕೋಚದ ಮನುಷ್ಯ, ಬಾಯಿಬಿಟ್ಟು ಹೇಳಲಾರದೆ ಇನ್ನೊಂದು ಇನ್ನೊಂದು ಎಂದು ಎಳೆಯುತ್ತಿದ್ದಾರೇನೋ.

ಬಿಸಿನೀರು ಬಿಟ್ಟು ಬೇರೆ ಕುಡಿಯುವುದನ್ನು ನಿಲ್ಲಿಸಿದೆ. ಕನ್ನಡಿ ಮುಂದೆ ನಿಂತು ಮರಿಯ ದನಿಯನ್ನು ತಿಕ್ಕಿ ತಿಕ್ಕಿ ತೆಗೆದೆ. ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿ ಓಕೆ ಎಂದರು. ಏನೂ ಇಲ್ಲ ಎಂಬ ಅವರ ಓಕೆ ನನಗೆ ಸಮಾಧಾನ ಕೊಡಲಿಲ್ಲ. ಏನೂ ಇಲ್ಲದಿದ್ದರೆ ಮತ್ತೆ ಯಾಕೆ ಎರಡೆರಡು ಸಲ? ಹೀಗೆ ಹೆದರಿ ಹೆದರಿ ಕೊನೆಗೆ ನಿಜವಾಗಿಯೂ ನನ್ನ ಟೇಕುಗಳು ಕೆಡತೊಡಗಿದವು. ಮೊದಲಿನ ಸಲೀಸು ಹೋಗಿ, ಪ್ರತಿ ಸಾಲನ್ನೂ ಪರೀಕ್ಷೆ ಬರೆದ ಹಾಗೆ ಹೇಳುತ್ತಿದ್ದೆ.

ಅಕ್ಕ ಇದೇ ಸಮಯಕ್ಕೆ ಕಾದಿದ್ದಳು. ಅಲ್ಲಿದ್ದು ಏನು ಮಾಡ್ತೀಯಾ, ಇಲ್ಲಿಗೆ ಬಂದುಬಿಡು, ಮೇಲಿನ ಕೋಣೆ ಖಾಲಿಯಿದೆ ಎಂದಳು. ಜೊತೆಗೆ ಭಾವನ ಸ್ನೇಹಿತರೊಬ್ಬರು, ಹೆಂಡತಿ ತೀರಿಕೊಂಡಿದ್ದಾರೆ, ಪೀಠೋಪಕರಣದ ಅಂಗಡಿ, ಮಾತು ಕಡಿಮೆ. ಹೇಗಿದ್ದಾರೆ ಎಂದು ಕೇಳಿದರೆ, "ಓಕೆ ಇದಾರೆ ಕಣೇ," ಎಂದಳು. ಕುರ್ಚಿ ಕೊಳ್ಳುವಾಗಲೂ ಅವಳು ಅದೇ ಮಾತು ಹೇಳುತ್ತಾಳೆ. ನೋಡೋಣ ಎಂದೆ. ಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಧೈರ್ಯ ಆಗ ನನ್ನಲ್ಲಿ ಉಳಿದಿರಲಿಲ್ಲ.

ಡೈರೆಕ್ಟರ್ ಮೇಡಂ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ವಿಷಯ ಹೇಳಿದರು. ಬಾಯಲ್ಲಿ ಲವಂಗ, ಕೈಯಲ್ಲಿ ಕಾರಿನ ಕೀ, ಸುತ್ತುಬಳಸಿ ಮಾತಾಡಿ ಅಭ್ಯಾಸವಿಲ್ಲದ ಹೆಂಗಸು. ನನ್ನ ಸಾಲುಗಳಿಗೆ ಬೇರೆಯವರ ಎರಡರಷ್ಟು ಹೊತ್ತು ಹೋಗುತ್ತಿದೆಯಂತೆ, ಸಿನಿಮಾ ಕೊಟ್ಟ ಕಂಪನಿಯವರು ಯಾಕೆ ಎಂದು ಕೇಳಿದ್ದಾರಂತೆ. ಒಬ್ಬಳು ಹೊಸ ಹುಡುಗಿ ಸಿಕ್ಕಿದ್ದಾಳೆ, ಎಳೇ ಗಂಟಲು. ಈ ಸಿನಿಮಾ ನಾನೇ ಮುಗಿಸಿಕೊಡಬೇಕು, ಮುಂದಿನ ಭಾಗದಿಂದ ಮರಿ ಅವಳದು.

"ಬೇಜಾರು ಮಾಡ್ಕೋಬೇಡ. ಎಲ್ಲರಿಗೂ ಒಂದು ದಿನ ಬರುತ್ತೆ. ಓಕೆ?"

"ಓಕೆ," ಎಂದೆ. ನನ್ನ ಬಾಯಿಂದ ಆ ಮಾತು ಅಷ್ಟು ಖಾಲಿಯಾಗಿ ಎಂದೂ ಬಂದಿರಲಿಲ್ಲ.

ಬಸ್ಸಿನಲ್ಲಿ ಕೂತು ಅತ್ತೆ. ಕೆಲಸ ಬೇರೆ ಸಿಗಬಹುದು, ಹೇಗೋ ಹೊಟ್ಟೆ ನಡೆಯುತ್ತದೆ. ನಾನು ಅತ್ತದ್ದು ಆ ಗಾಜಿಗೆ. ನೀರು ಖಾಲಿಯಾದದ್ದನ್ನು ನೋಡಿ ಓಕೆಯಾ ಎಂದು ಕೇಳುವ ಒಂದು ದನಿ ಇಡೀ ಊರಿನಲ್ಲಿ ನನಗೆ ಅಲ್ಲಿ ಮಾತ್ರ ಇತ್ತು. ಇನ್ನು ಮೇಲೆ ಅದು ಬೇರೆಯವರ ಲೋಟ ನೋಡುತ್ತದೆ ಎಂದು ಹೊಟ್ಟೆಕಿಚ್ಚೂ ಆಯಿತು.

ಕೊನೆಯ ದಿನ ಉಳಿದದ್ದು ಕೊನೆಯ ದೃಶ್ಯ. ತಾಯಿ ಕರಡಿ ಮರಿಯನ್ನು ಕಾಡಿನ ಅಂಚಿಗೆ ತಂದು, ಇಲ್ಲಿಂದ ಮುಂದೆ ನೀನೊಬ್ಬನೇ ಎನ್ನುತ್ತದೆ. ಮರಿ ಸುಮ್ಮನೆ ನೋಡುತ್ತದೆ, ನೋಡಿ ಓಕೆ ಎನ್ನುತ್ತದೆ. ಅಷ್ಟೇ. ಆ ಒಂದು ಮಾತಿಗೆ ಹಿಂದಿನ ವಾರವೆಲ್ಲ ಹುಡುಕಿದ್ದೆವು. ಹೂಂ ಸಾಲುವುದಿಲ್ಲ, ಹೋಗ್ಲಿ ಎಂದರೆ ಉಡಾಫೆ. ಕೊನೆಗೆ ಓಕೆಪ್ಪನೇ ಗುಂಡಿ ಒತ್ತಿ, ಹೇಳಲೋ ಬೇಡವೋ ಎಂಬಂತೆ, "'ಹೋಗೇ' ಅಂದ್ರೆ?" ಎಂದಿದ್ದರು. ಮಕ್ಕಳು ಅಮ್ಮನಿಗೆ ಸಲುಗೆಯಲ್ಲಿ ಹೇಳುವ ಹೋಗೇ. ಬಾಯಿ ಗುಂಡಗಾಗಿ ಅಗಲವಾಗುತ್ತದೆ, ತುಟಿ ಅಳತೆಗೆ ಹೊಲಿಸಿದ ಹಾಗೆ ಕೂರುತ್ತದೆ. ಮೇಡಂ ಕೂಡ ಲವಂಗ ಅಗಿಯುವುದನ್ನು ನಿಲ್ಲಿಸಿ ತಲೆಯಾಡಿಸಿದ್ದರು.

ಅಂದು ಮೇಡಂ ಆಚೆ ಕೋಣೆಯ ಸೋಫಾದಲ್ಲಿ ಕೂತಿದ್ದರು. ಪರದೆಯ ಮೇಲೆ ಮರಿ ತಾಯಿಯನ್ನು ನೋಡಿತು. ನಾನು ನನ್ನಮ್ಮನನ್ನು ನೆನೆದು, "ಹೋಗೇ," ಎಂದೆ. ಬಹಳ ದಿನಗಳ ಮೇಲೆ ಹೆದರದೆ ಹೇಳಿದ ಮಾತು. ಚೆನ್ನಾಗಿ ಬಂದಿತು ಎಂದು ನನಗೇ ಗೊತ್ತಾಯಿತು.

"ಓಕೆ," ಎಂದರು. ತಡೆದು, "ಇನ್ನೊಂದು, ಸೇಫ್ಟಿಗೆ."

ನನಗೆ ತಡೆಯಲಾಗಲಿಲ್ಲ. "ಇದರಲ್ಲಿ ಏನು ತಪ್ಪಿದೆ ಸರ್, ಇವತ್ತಾದ್ರೂ ಹೇಳಿಬಿಡಿ. ಪ್ರತಿ ಸಲ ಇನ್ನೊಂದು ಅಂತೀರಿ, ಯಾಕೆ ಅನ್ನಲ್ಲ. ನನ್ನ ಟೇಕು ಜಾಸ್ತಿ ಆಗ್ತಿವೆ ಅಂತ ಮರೀನ ಬೇರೆಯವರಿಗೆ ಕೊಟ್ಟಾಯ್ತು. ಇವತ್ತೇ ಕೊನೆ. ನಿಮಗೂ ಇನ್ನು ತೊಂದರೆ ಇಲ್ಲ," ಎಂದೆ.

ಅವರಿಗೆ ವಿಷಯ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂಬುದು ಗಾಜಿನ ಈಚೆಗೂ ಕಂಡಿತು, ಮುಖದ ಬಣ್ಣವೇ ಇಳಿಯಿತು. ಮೇಡಂ ಕಡೆ ತಿರುಗಿದರು. ಗುಂಡಿಯ ಮೇಲಿದ್ದ ಬೆರಳನ್ನು ಎತ್ತುವುದು ಮರೆತುಹೋಗಿತ್ತು, ಅಲ್ಲಿಯ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು.

ಇವರ ಮೊದಲನೇ ಟೇಕುಗಳೇ ಎಲ್ಲ ಓಕೆ, ಸಿನಿಮಾದಲ್ಲಿ ಇಟ್ಟಿರುವುದೂ ಅವನ್ನೇ, ಎರಡನೆಯದನ್ನು ಒಂದು ಕಡೆಯೂ ಬಳಸಿಲ್ಲ, ಹೊತ್ತು ಹೋದದ್ದು ತನ್ನಿಂದ, ಕಂಪನಿಯವರಿಗೆ ತನ್ನ ಹೆಸರನ್ನೇ ಹೇಳಿ ಎಂದರು ಓಕೆಪ್ಪ. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ಮತ್ತೆ ಬಳಸದೇ ಇರೋದನ್ನ ಯಾಕೆ ಹೇಳಿಸಿದೆ ಎಂದು ಮೇಡಂ ಕೇಳಿದರು.

ಅವರು ಗುಂಡಿಗಳನ್ನೇ ನೋಡುತ್ತ ಹೇಳಿದರು, "ಲೈನು ಮುಗಿದ್ರೆ ಅವರು ಎದ್ದು ಹೋಗ್ಬಿಡ್ತಾರೆ. ಇನ್ನೊಂದು ಅಂದ್ರೆ ಇನ್ನೂ ಸ್ವಲ್ಪ ಹೊತ್ತು ಇರ್ತಾರೆ."

ಮೇಡಂ ಓಕೆಪ್ಪನನ್ನು ನೋಡಿದರು, ಗಾಜಿನೊಳಗಿಂದ ನನ್ನನ್ನು ನೋಡಿದರು, ಕಾರಿನ ಕೀ ತೆಗೆದುಕೊಂಡರು. ಆ ಹುಡುಗಿಗೆ ಮಾತು ಕೊಟ್ಟಾಗಿದೆ, ಇನ್ನು ತಿರುಗಿಸಲು ಬರುವುದಿಲ್ಲ, ನಿಮ್ಮಿಬ್ಬರಿಗೂ ಬುದ್ಧಿ ಎಂಬುದು ಇದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಹೇಳಿ, ಟೀ ಕುಡಿಯಲು ಹೊರಟುಹೋದರು.

ಪ್ರೀತಿ ಎಂದು ಗೊತ್ತಾದ ಕೂಡಲೇ ಎದೆ ಹಿಗ್ಗುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಸಿಟ್ಟು. ಅಷ್ಟು ದಿನ ಕನ್ನಡಿ ಮುಂದೆ ಗಂಟಲು ಹರಿದುಕೊಂಡದ್ದು, ನನ್ನ ಮೇಲೆ ನನಗೇ ನಂಬಿಕೆ ಹೋದದ್ದು, ಮರಿ ಕೈತಪ್ಪಿದ್ದು, ಎಲ್ಲ ಇದಕ್ಕಾ?

"ಒಂದು ಟೀ ಕುಡಿಯೋಣ ಅನ್ನೋಕೆ ನಿಮಗೇನಾಗಿತ್ತು?" ಎಂದೆ ಮೈಕಿಗೆ.

"ಅದನ್ನೇ ಪ್ರಾಕ್ಟೀಸ್ ಮಾಡ್ತಿದ್ದೆ," ಎಂದರು, ಬಹಳ ಸಣ್ಣ ದನಿಯಲ್ಲಿ.

ಬೇರೆ ದಿನವಾಗಿದ್ದರೆ ನಗುತ್ತಿದ್ದೆನೋ ಏನೋ. ಹೆಡ್‌ಫೋನನ್ನು ಸ್ಟೂಲಿನ ಮೇಲೆ ಇಟ್ಟು, ಅವರ ಕಡೆ ನೋಡದೆ ಮೆಟ್ಟಿಲು ಹತ್ತಿದೆ.

ಆಮೇಲಿನ ದಿನಗಳಲ್ಲಿ ನನ್ನ ಕೋಣೆ ಎಷ್ಟು ನಿಶ್ಶಬ್ದ ಎಂದು ಚೆನ್ನಾಗಿ ತಿಳಿಯಿತು. ಬಿಸಿನೀರು ಕುಡಿಯುವ ಅಗತ್ಯವಿರಲಿಲ್ಲ, ಅಭ್ಯಾಸಕ್ಕೆ ಕಾಯಿಸಿ ಆರಲು ಬಿಡುತ್ತಿದ್ದೆ. ಕಿಟಕಿಯಲ್ಲಿ ನನ್ನ ಎರಡು ಬಟ್ಟೆ, ಎದುರು ಮನೆಯವರದು ಸಾಲು ಸಾಲು. ಅಕ್ಕನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡರೆ ಓಕೆಪ್ಪನ ವಯಸ್ಸೆಷ್ಟು ಎಂದು ಕೇಳಿದಳು. ಫೋನ್ ಇಟ್ಟೆ. ಸಿಟ್ಟು ಇನ್ನೂ ಇತ್ತು. ಆದರೆ ಸಿಟ್ಟಿನ ಪಕ್ಕದಲ್ಲೇ ಆ ಮಾತೂ ಕೂತಿತ್ತು, ಇನ್ನೂ ಸ್ವಲ್ಪ ಹೊತ್ತು ಇರ್ತಾರೆ. ನಾನು ಇರಬೇಕೆಂದು ಒಬ್ಬರು ಇಷ್ಟು ಹೆಣಗಿದ್ದು ನನ್ನ ನೆನಪಿನಲ್ಲಿ ಇಲ್ಲ.

ಅವರೇ ಫೋನ್ ಮಾಡಿದರು. ಪರದೆಯ ಮೇಲೆ ಸ್ಟುಡಿಯೋ ನಂಬರು ನೋಡಿ, ತೆಗೆಯಬಾರದು ಎಂದುಕೊಳ್ಳುತ್ತಲೇ ತೆಗೆದೆ.

"ಮೇಡಂ, ಒಂದು ಪ್ಯಾಚ್ ಬೇಕಿತ್ತು. ಕೊನೇ ಲೈನು ಮಾತ್ರ ಮತ್ತೆ ಹೇಳ್ಬೇಕು," ಎಂದರು.

ಇದೂ ನೆಪವೇ ಎಂದು ಕೇಳಿದೆ. ಅಲ್ಲ, ನಿಜವಾಗಿಯೂ ಟೇಕ್ ಕೆಟ್ಟಿದೆ, ಅಂದು ಸೇಫ್ಟಿ ಆಗಲೇ ಇಲ್ಲವಲ್ಲ ಎಂದರು. ಹೇಗೆ ಕೆಟ್ಟಿದೆ ಎಂದರೆ ಹೇಳಲು ತಿಣುಕಾಡಿದರು. ಕೊನೆಗೆ ಫೋನನ್ನು ಸ್ಪೀಕರಿಗೆ ಹಿಡಿದು ಕೇಳಿಸಿದರು. ಮರಿ ತಾಯಿಗೆ ಹೋಗೇ ಎನ್ನುತ್ತಿದೆ, ಅದರ ಬೆನ್ನಿಗೇ ಗುರ್ ಎಂದು ಒಂದು ಸದ್ದು. ನನ್ನ ಹೊಟ್ಟೆ.

"ಅವತ್ತು ಊಟ ಮಾಡಿರಲಿಲ್ವಾ?" ಎಂದರು.

ಮಾಡಿರಲಿಲ್ಲ. ಕೊನೆಯ ದಿನ ಎಂದು ಅನ್ನ ಗಂಟಲಲ್ಲಿ ಇಳಿದಿರಲಿಲ್ಲ. ಅಷ್ಟು ಸೇಫ್ಟಿ ತೆಗೆದವರಿಗೆ ಬೇಕಾದ ಒಂದೇ ಒಂದು ಜಾಗದಲ್ಲಿ ಸೇಫ್ಟಿ ಇರಲಿಲ್ಲ. ನನಗೆ ನಗು ಬಂದಿತು, ತಡೆದುಕೊಂಡೆ.

"ಇವತ್ತು?" ಎಂದು ಕೇಳಿದರು.

"ಮಾಡ್ಕೊಂಡು ಬರ್ತೀನಿ," ಎಂದೆ.

ಬೂತಿನಲ್ಲಿ ಲೋಟ ತುಂಬಿತ್ತು. ಮೇಡಂ ಬಂದಿರಲಿಲ್ಲ, ಒಂದು ಪ್ಯಾಚಿಗೆ ಅವರು ಬರುವವರಲ್ಲ. ಪರದೆಯ ಮೇಲೆ ಕಾಡಿನ ಅಂಚು ಬಂದಿತು, ತಾಯಿ ಬಂದಳು, ನಾನು ಮರಿಯಾಗಿ ಕೊನೆಯ ಸಲ ಹೋಗೇ ಎಂದೆ. ಹೊಟ್ಟೆ ಮರ್ಯಾದೆಯಿಂದ ಸುಮ್ಮನಿತ್ತು.

"ಓಕೆ," ಎಂದರು.

ಮುಂದಿನ ಮಾತಿಗೆ ನಾನು ಕಾದೆ. ಗಾಜಿನಾಚೆ ಅವರ ಬೆರಳು ಗುಂಡಿಯ ಮೇಲೆ ಬಂದಿತು, ಒತ್ತಲಿಲ್ಲ, ವಾಪಸ್ಸು ಹೋಯಿತು. ಅವರು ಕೇಳುವುದಿಲ್ಲ ಎಂದು ನನಗೆ ಅರ್ಥವಾಯಿತು. ಹಾಗೆ ಇನ್ನೊಂದು ಕೇಳಿ ಕೇಳಿ ನನಗೆ ಏನು ಮಾಡಿಟ್ಟರೆಂದು ಅವರಿಗೆ ಗೊತ್ತಿತ್ತು, ಇನ್ನು ಈ ಜನ್ಮದಲ್ಲಿ ಕೇಳಲಾರರು. ಕೆಲಸ ಮುಗಿದಿತ್ತು. ನಾನು ಬ್ಯಾಗು ತೆಗೆದುಕೊಂಡು ಮೆಟ್ಟಿಲು ಹತ್ತಿದರೆ ಅಕ್ಕನ ಮನೆಯ ಮೇಲಿನ ಕೋಣೆ, ಮಾತು ಕಡಿಮೆಯ ಕುರ್ಚಿ ಅಂಗಡಿಯವರು. ಅವರ ಓಕೆಯ ಬಗೆಗಳನ್ನು ಮೊದಲಿಂದ ಕಲಿಯಬೇಕು. ನನಗೆ ಅಷ್ಟು ತಾಳ್ಮೆ ಇಲ್ಲ.

ಹೆಡ್‌ಫೋನ್ ತೆಗೆದಿಟ್ಟು ಆಚೆ ಕೋಣೆಗೆ ಹೋದೆ. ಇಷ್ಟು ದಿನದಲ್ಲಿ ಆ ಬಾಗಿಲು ದಾಟಿದ್ದು ಅದೇ ಮೊದಲು. ಅವರು ಎದ್ದು ನಿಂತರು. ಹತ್ತಿರದಿಂದ ನೋಡಿದರೆ ನಾನು ಎಣಿಸಿದ್ದಕ್ಕಿಂತ ಎತ್ತರ, ಅಂಗಿಯ ಒಂದು ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು, ಸ್ವಂತ ಕೈಯಲ್ಲೇ ಹೊಲಿದದ್ದೆಂದು ಕಾಣುತ್ತಿತ್ತು.

"ನೀವು ಒಳಗೆ ಹೋಗಿ," ಎಂದೆ.

"ಎಲ್ಲಿಗೆ?"

"ಬೂತಿಗೆ. ಹೆಡ್‌ಫೋನ್ ಹಾಕ್ಕೊಳ್ಳಿ."

ಅವರು ಹೋದರು. ನಾನು ಅವರ ಕುರ್ಚಿಯಲ್ಲಿ ಕೂತು, ಅವರ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು, ಗಾಜಿನತ್ತ ನೋಡಿದೆ. ಇಲ್ಲಿಂದ ಬೂತು ಬಹಳ ಚಿಕ್ಕದಾಗಿ ಕಾಣುತ್ತಿತ್ತು. ಒಂದು ದೀಪ, ಒಂದು ಸ್ಟೂಲು, ಒಬ್ಬರೇ ಮನುಷ್ಯ. ಅಲ್ಲಿ ಕೂತಿದ್ದ ನಾನು ಇವರಿಗೆ ಹೀಗೆ ಕಾಣುತ್ತಿದ್ದೆ.

ಕಿವಿಯಲ್ಲಿ ಮೊದಲು ಅಂಗಿಯ ಸರಪರ ಬಂದಿತು. ಆಮೇಲೆ ಉಸಿರು. ಅವರು ಎಂಜಲು ನುಂಗಿದ್ದು, ನಾಲಿಗೆ ತುಟಿ ಸವರಿದ್ದು, ಎಲ್ಲ ನನ್ನ ಕಿವಿಯ ಒಳಗೇ ನಡೆಯುತ್ತಿತ್ತು. ಇಷ್ಟೆಲ್ಲ ಕೇಳುತ್ತದೆ ಎಂದರೆ ಮರಿಯ ಹತ್ತಿರ ನಾನು ಆಡಿದ ಪ್ರತಿಯೊಂದು ಮಾತೂ ಇವರಿಗೆ ಕೇಳಿದೆ. ಮೇಡಂಗೆ ಬೈದದ್ದು, ಹಾಡು ಗುನುಗಿದ್ದು, ಇವತ್ತು ನಿನ್ನ ಬಿಟ್ಟರೆ ಯಾರೂ ನನ್ನ ಮುಖ ನೋಡಿಲ್ಲ ಎಂದದ್ದು. ನೆನಪು ಮಾಡಿಕೊಂಡೆ. ಆ ಮಾತಾಡಿದ ದಿನವೇ ಅಲ್ಲವೇ, ಉಸಿರಿನ ಜೊತೆಗೆ ಬರುವ ಆ ಅರ್ಥವಾಗದ ಓಕೆ ಮೊದಲು ಬಂದದ್ದು. ಅದು ಟೇಕಿಗೆ ಹೇಳಿದ್ದಲ್ಲ. ಕೇಳಿಸಿಕೊಂಡೆ, ಇಲ್ಲೇ ಇದ್ದೇನೆ, ಎಂದು ನನಗೆ ಹೇಳಿದ್ದು. ನನ್ನ ಕಣ್ಣು ಮಂಜಾಯಿತು.

ಗುಂಡಿ ಒತ್ತಿದೆ. "ಓಕೆ?"

"ಏನು ಹೇಳ್ಲಿ?" ಎಂದರು. ನಿಜಕ್ಕೂ ಹೆದರಿದ್ದರು.

"ಅವತ್ತು ಮೇಡಂಗೆ ಹೇಳಿದ್ರಲ್ಲ. ಅದನ್ನ ನನಗೆ ಹೇಳಿ."

ಅವರು ಮೈಕನ್ನು ನೋಡಿದರು, ನೀರಿನ ಲೋಟ ನೋಡಿದರು, ಕೊನೆಗೆ ತಲೆಯೆತ್ತಿ ಗಾಜಿನೊಳಗಿಂದ ನನ್ನನ್ನು ನೋಡಿದರು. ಈ ಸಲ ಆ ಕಣ್ಣು ಎಲ್ಲಿಗೂ ಇಳಿಯಲಿಲ್ಲ.

"ಹೋಗ್ಬೇಡಿ," ಎಂದರು. ದನಿ ಮಧ್ಯದಲ್ಲಿ ಒಡೆಯಿತು. "ನೀವಿದ್ರೆ ನನಗೆ ಮನೆಗೆ ಬಂದ ಹಾಗಿರುತ್ತೆ. ಇರಿ."

ಒಂದು ಅಕ್ಷರವೂ ತಡವರಿಸದ ಟೇಕ್. ಸದ್ದಿಲ್ಲ, ಗದ್ದಲವಿಲ್ಲ, ದನಿ ಒಡೆದದ್ದೂ ಒಡೆಯಬೇಕಾದ ಕಡೆಯಲ್ಲೇ. ನಾನು ಕಣ್ಣೊರೆಸಿಕೊಂಡು, ಮುಖ ಬಿಗಿ ಮಾಡಿ, ಮತ್ತೆ ಗುಂಡಿ ಒತ್ತಿದೆ.

"ಇನ್ನೊಂದು," ಎಂದೆ. "ಸೇಫ್ಟಿಗೆ."

ಅವರಿಗೆ ಅರೆಕ್ಷಣ ತಿಳಿಯಲಿಲ್ಲ. ತಿಳಿದಾಗ ನಕ್ಕರು, ಆ ನಗು ನನ್ನ ಎರಡೂ ಕಿವಿ ತುಂಬಿತು. ನಗುತ್ತಲೇ ಮತ್ತೆ ಹೇಳಿದರು. ನಾನು ಇನ್ನೊಂದು ಎಂದೆ. ಮತ್ತೆ ಹೇಳಿದರು. ಮೊದಲನೆಯದೇ ಓಕೆ ಆಗಿತ್ತು ಎಂದು ಅವರಿಗೆ ಇವತ್ತಿನವರೆಗೂ ನಾನು ಹೇಳಿಲ್ಲ.